ನೆರಳಿಗೆ ದೃಷ್ಟಿ ತೆಗೆದದ್ದು

ಬೆಳಿಗ್ಗೆ ವಾಕಿಂಗ್ ಹೋಗುವಾಗ ನಾನು ಸೂರ್ಯನಿಗೆ ಬೆನ್ನು ಹಾಕಿಯೇ ನಡೆಯುತ್ತೇನೆ. ಹಾಗಾದರೆ ವಾಪಸ್ಸು ಬರುವಾಗ ಏನು ಮಾಡುತ್ತೀರಿ ಎಂದು ನೀವು ಕೇಳಬಹುದು. ಆಟೋದಲ್ಲಿ ಬರುತ್ತೇನೆ. ನನ್ನ ಜತೆ ಬರುವ ಪಕ್ಕದ ಮನೆಯಾಕೆಗೆ ಇದು ಶುದ್ಧ ಸೋಮಾರಿತನ ಅನ್ನಿಸಿದೆ. "ಹೋಗೋಕೆ ಕಾಲಿದೆ, ಬರೋಕೆ ಇಲ್ವಾ ನಿಮ್ಗೆ?" ಎಂದು ದಿನಾ ಛೇಡಿಸುತ್ತಾರೆ. ಮಂಡಿ ನೋವು ಎಂದು ಹೇಳಿ ತಪ್ಪಿಸಿಕೊಳ್ಳುತ್ತೇನೆ. ನಿಜ ಸಂಗತಿ ಬೇರೆ. ನನಗೆ ನನ್ನ ನೆರಳು ಮುಂದೆ ಇರಬೇಕು. ಅದನ್ನು ಬೆನ್ನ ಹಿಂದೆ ಬಿಟ್ಟುಕೊಂಡು ಅಷ್ಟು ದೂರ ನಡೆಯುವ ಧೈರ್ಯ ನನಗಿಲ್ಲ. ಕಣ್ಣ ಮುಂದಿದ್ದರೆ ಏನು ಮಾಡುತ್ತಿದೆ ಅಂತ ತಿಳಿಯುತ್ತದೆ, ಹಿಂದಿದ್ದರೆ ಯಾರಿಗೆ ಗೊತ್ತು.

ನಗಬೇಡಿ. ನಕ್ಕರೂ ಪರವಾಗಿಲ್ಲ, ನಾನೂ ನಗುತ್ತೇನೆ, ಮನೆಯೊಳಗೆ ಎಲ್ಲ ಟ್ಯೂಬ್‌ಲೈಟುಗಳನ್ನೂ ಹಾಕಿಕೊಂಡು. ಅದರಲ್ಲೂ ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಬೆಳಕು ಸರಳರೇಖೆಯಲ್ಲಿ ಚಲಿಸುತ್ತದೆ, ಅಡ್ಡ ಬಂದ ವಸ್ತುವಿನ ಹಿಂದೆ ನೆರಳು ಬೀಳುತ್ತದೆ ಎಂದು ವರ್ಷಾವರ್ಷ ಬೋರ್ಡಿನ ಮೇಲೆ ಗೆರೆ ಎಳೆದು ಹೇಳಿಕೊಡುವವಳು. ಗೆರೆ ಎಳೆಯುವಾಗ ಬೋರ್ಡಿನ ಮೇಲೆ ಬೀಳುವ ನನ್ನ ಕೈಯ ನೆರಳಿನ ಕಡೆ ಮಾತ್ರ ನೋಡುವುದಿಲ್ಲ.

ನಮ್ಮೂರು ಬೆಟ್ಟದಪುರದ ಹತ್ತಿರ, ಹೊಗೆಸೊಪ್ಪು ಬೆಳೆಯುವ ಊರು. ಅಂಥ ಊರಲ್ಲಿ ಹುಟ್ಟಿದವರಿಗೆ ಒಂದು ಕೆಟ್ಟ ಅಭ್ಯಾಸ ರಕ್ತದಲ್ಲೇ ಬಂದಿರುತ್ತದೆ. ಏನು ಕಂಡರೂ ಗ್ರೇಡು ಮಾಡುವುದು. ಸೊಪ್ಪನ್ನು ಬೇಯಿಸುವ ಎತ್ತರದ ಮನೆಗೆ ನಮ್ಮ ಕಡೆ ಬ್ಯಾರನ್ನು ಅನ್ನುತ್ತಾರೆ. ಅದರೊಳಗೆ ಹದವಾಗಿ ಬೆಂದು ಹೊರಬಂದ ಎಲೆಯನ್ನು ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ, ಬಣ್ಣ ಒಂದೇ ಸಮ ಇದೆಯೋ ಮಚ್ಚೆ ಬಿದ್ದಿದೆಯೋ ನೋಡಿ, ಆಯಾ ರಾಶಿಗೆ ಎಸೆಯುತ್ತಾರೆ. ಕೈಗೆ ಅದು ಎಷ್ಟು ರೂಢಿ ಅಂದರೆ ಮಾತಾಡುತ್ತಾ, ನಗುತ್ತಾ, ಎಲೆಯಡಿಕೆ ಜಗಿಯುತ್ತಾ ಮಾಡುತ್ತಿರುತ್ತಾರೆ. ನಮ್ಮ ಅವ್ವ ಬಾಳೆಹಣ್ಣನ್ನೂ ಹಾಗೇ ತಿರುಗಿಸಿ ನೋಡುತ್ತಿದ್ದಳು. ನಮ್ಮಪ್ಪ ಹೊಸ ನೋಟನ್ನೂ ಹಾಗೇ ನೋಡುತ್ತಿದ್ದ.

ಹೈಸ್ಕೂಲಿನ ಕೊನೆಯ ವರ್ಷ ನನ್ನ ತುಟಿಯ ಅಂಚಿನಲ್ಲಿ ಅವರೆಕಾಳಿನಷ್ಟು ಒಂದು ಬಿಳಿ ಮಚ್ಚೆ ಬಂತು. ಆಮೇಲೆ ಕಣ್ಣಿನ ಕೆಳಗೆ, ಆಮೇಲೆ ಗದ್ದದ ಮೇಲೆ. ಇದು ಅಂಟುವುದಿಲ್ಲ, ಇದರಿಂದ ಏನೂ ಆಗುವುದಿಲ್ಲ ಎಂದು ಮೈಸೂರಿನ ಡಾಕ್ಟರು ಹೇಳಿ ಮುಲಾಮು ಕೊಟ್ಟರು. ಡಾಕ್ಟರು ಹೇಳಿದ್ದು ನಿಜ, ನನಗೇನೂ ಆಗಲಿಲ್ಲ. ಆದದ್ದೆಲ್ಲ ನೋಡುವವರಿಗೆ. ಯುಗಾದಿಗೆ ಬಂದಿದ್ದ ಕೆ.ಆರ್. ನಗರದ ಅತ್ತೆ ನನ್ನ ಗದ್ದ ಹಿಡಿದು, ಬಾಗಿಲ ಬೆಳಕಿಗೆ ಮುಖವನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿ ನೋಡಿದರು. ಗದ್ದ ಬಿಟ್ಟು, ಕೈಯನ್ನು ಸೆರಗಿಗೆ ಒರೆಸಿಕೊಂಡರು. ನಾನು ಯಾವ ರಾಶಿಗೆ ಬಿದ್ದೆ ಎಂದು ನನಗೆ ಅರ್ಥವಾಯಿತು.

ಅಲ್ಲಿಂದ ಮುಂದೆ ಮುಖವಿಲ್ಲದೆ ಬದುಕುವುದು ಹೇಗೆ ಎಂದು ನಾನು ಗಂಭೀರವಾಗಿ ಯೋಚಿಸತೊಡಗಿದೆ. ಹುಣಸೂರಿನ ಕಾಲೇಜಿಗೆ ಪಿಯುಸಿ ಸೇರಿ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಮಚ್ಚೆಯ ಕಡೆ ಕಿಟಕಿಗೆ ಬರುವ ಹಾಗೆ ಸೀಟು ಹಿಡಿಯುವುದು, ದುಪಟ್ಟಾವನ್ನು ಗಾಳಿಯ ನೆಪದಲ್ಲಿ ತುಟಿಯವರೆಗೆ ಸುತ್ತಿಕೊಳ್ಳುವುದು, ಪೌಡರು ಮೆತ್ತುವುದು, ಇವೆಲ್ಲ ಕಲಿತೆ. ಮುಂದೆ ಕೆಲಸ ಅಂತ ಮಾಡಿದರೆ ರೇಡಿಯೋದಲ್ಲಿ ಮಾಡಬೇಕು ಎಂದು ನಿಶ್ಚಯಿಸಿದ್ದೆ. ನನ್ನ ದನಿ ಕೇಳಿದರೆ ರೇಡಿಯೋದವರು ಏನನ್ನುತ್ತಾರೆ ಎಂಬುದು ಆಗ ಹೊಳೆದಿರಲಿಲ್ಲ.

ಅದೇ ಬಸ್ಸಿಗೆ ಬರುತ್ತಿದ್ದವಳು ನಮ್ಮೂರ ಶೋಭಾ, ನನ್ನದೇ ಕ್ಲಾಸು. ಚೆಂದದ ಹುಡುಗಿ. ಚೆಂದದವರು ಜಂಬದವರಾಗಿದ್ದರೆ ದ್ವೇಷಿಸಿಕೊಂಡು ಹಾಯಾಗಿರಬಹುದು, ಇವಳು ಒಳ್ಳೆಯವಳು ಬೇರೆ. ಅವಳ ದೊಡ್ಡಪ್ಪನ ಮಗ ಮಾದೇಶ ಹುಣಸೂರಿನಲ್ಲಿ ಮೈಕ್‌ಸೆಟ್ಟು, ಸೀರಿಯಲ್ ಲೈಟಿನ ಅಂಗಡಿ ಇಟ್ಟಿದ್ದ. ಬಲ್ಬು ತರಲು ಮೈಸೂರಿಗೆ ಹೋದಾಗಲೆಲ್ಲ ಅಲ್ಲಿ ಬೀದಿ ಮೂಲೆಯಲ್ಲಿ ರಟ್ಟು ಹಾಸಿಕೊಂಡು ಬ್ರೇಕ್ ಡ್ಯಾನ್ಸ್ ಮಾಡುವ ಹುಡುಗರ ಜತೆ ಸೇರಿ ಕಲಿತು ಬಂದಿದ್ದ. ಮೆಷಿನ್ನಿನ ಹಾಗೆ ತಡೆತಡೆದು ನಡೆಯುವುದು, ಒಂದು ಕೈಬೆರಳಿಂದ ಇನ್ನೊಂದು ಕೈಬೆರಳಿಗೆ ಅಲೆ ಹರಿಸುವುದು, ಮುಂದಕ್ಕೆ ನಡೆದಂತೆ ತೋರಿಸಿ ಹಿಂದಕ್ಕೆ ಜಾರುವುದು, ಎಲ್ಲ ಬರುತ್ತಿತ್ತು. ಹುಣಸೂರಿನ ಬಜಾರಿನಲ್ಲಿ ಒಮ್ಮೆ ಹಾಗೆ ಹಿಂದಕ್ಕೆ ಜಾರಿ ಸೊಪ್ಪಿನ ಗಾಡಿಗೆ ಗುದ್ದಿಸಿಕೊಂಡಿದ್ದನಂತೆ.

ಆ ವರ್ಷದ ಕಾಲೇಜ್ ಡೇಗೆ ಹುಡುಗಿಯರಿಂದಲೇ ಬ್ರೇಕ್ ಡ್ಯಾನ್ಸ್ ಮಾಡಿಸುತ್ತೇನೆ ಎಂದು ಮಾದೇಶ ಹಟ ಹಿಡಿದ. ಅದಕ್ಕೊಂದು ಕಥೆಯನ್ನೂ ಕಟ್ಟಿದ್ದ. ಅಂಗಡಿಯ ಸ್ಟೂಲಿನ ಮೇಲೆ ನಮ್ಮಿಬ್ಬರನ್ನೂ ಕೂರಿಸಿ ಹೇಳಿದ.

"ಒಬ್ಳು ಹುಡ್ಗಿ. ನಿಮ್ ವಯಸ್ಸಿನೋಳೆ. ಕನ್ನಡಿ ಮುಂದೆ ನಿಂತವ್ಳೆ. ಅವಳ್ಗೆ ಅವಳ ಮುಖ ಕಂಡ್ರೇ ಆಗಕಿಲ್ಲ. ಸ್ಟೇಜ್ ಮ್ಯಾಲೆ ಬಿಳೀ ಪರದೆ, ಅದೇ ಕನ್ನಡಿ. ಪರದೆ ಇಂದೆ ಲೈಟು, ಲೈಟಿಗೂ ಪರದೆಗೂ ಮಧ್ಯ ಇನ್ನೊಬ್ಳು. ಜನಕ್ಕೆ ಅವಳ ನೆರಳು ಮಾತ್ರ ಕಾಣ್ಬೇಕು. ಮುಂದಿನೋಳು ಏನ್ ಮಾಡ್ತಾಳೋ ಅದೂ ಅದ್ನೇ ಮಾಡ್ಬೇಕು. ಜಗಳ ಆಡ್ತಾರೆ, ಮುನಿಸ್ಕತಾರೆ, ಕೊನೇಲಿ ಈಚೆಯಿಂದ ಇವಳು ಕೈ ಚಾಚ್ತಾಳೆ, ಆಚೆಯಿಂದ ಅದೂ ಚಾಚ್ತದೆ. ರಾಜಿ. ಲೈಟ್ ಆಫ್."

"ನೆರಳು ನಾನಾಯ್ತೀನಿ ಮಾದೇಶಣ್ಣ" ಎಂದೆ. ಅವನಿನ್ನೂ ಯಾರು ಏನು ಅಂತ ಕೇಳಿರಲೇ ಇಲ್ಲ.

ಪ್ರಾಕ್ಟೀಸು ನಮ್ಮ ಬ್ಯಾರನ್ನಿನ ಹತ್ತಿರ. ಆಗ ಅವರೆಕಾಯಿಯ ಕಾಲ. ಸೊಪ್ಪಿನ ಕೆಲಸವೆಲ್ಲ ಮುಗಿದು ಬ್ಯಾರನ್ನು ತಣ್ಣಗೆ, ಖಾಲಿಯಾಗಿ, ಹಳೆಯ ಹೊಗೆಯ ವಾಸನೆ ಹೊಡೆಯುತ್ತಾ ನಿಂತಿತ್ತು. ಪಡುವಣ ಗೋಡೆಗೆ ಅಪ್ಪ ಹಬ್ಬದಲ್ಲಿ ಸುಣ್ಣ ಹೊಡೆಸಿದ್ದ. ಬೆಟ್ಟದ ಕಡೆಗೆ ಸೂರ್ಯ ಇಳಿಯುವ ಹೊತ್ತಿಗೆ ಅದರೆದುರು ನಿಂತರೆ ನಮ್ಮ ಇಡೀ ನೆರಳು ಆ ಗೋಡೆಯ ಮೇಲೆ ಬೀಳುತ್ತಿತ್ತು. ನಮ್ಮ ಮನೆಯಲ್ಲಿದ್ದದ್ದು ಅಪ್ಪ ಗಡ್ಡ ಹೆರೆಯುವ ಅಂಗೈಯಗಲದ ಕನ್ನಡಿ. ಅಡಿಯಿಂದ ಮುಡಿಯವರೆಗೆ ನನ್ನನ್ನು ನಾನು ನೋಡಿಕೊಂಡದ್ದು ಅದೇ ಮೊದಲು.

ಏನು ಹೇಳಲಿ, ಗೋಡೆಯ ಮೇಲಿದ್ದವಳಿಗೆ ಮಚ್ಚೆ ಇರಲಿಲ್ಲ. ನಾವಿಬ್ಬರೂ ಅಕ್ಕಪಕ್ಕ ನಿಂತರೆ ಶೋಭಾ ಯಾರು ನಾನು ಯಾರು ಎಂದು ಗುರುತು ಹತ್ತುತ್ತಿರಲಿಲ್ಲ. ಅಲ್ಲ, ಹತ್ತುತ್ತಿತ್ತು. ನನ್ನದೇ ಚೆನ್ನಾಗಿತ್ತು. ಉದ್ದ ಕುತ್ತಿಗೆ, ತೆಳ್ಳಗಿನ ಕೈ, ಅಲೆ ಹರಿಸಿದರೆ ನೀರಿನಲ್ಲಿ ಹಾವು ಹೋದ ಹಾಗೆ. ನಾನು ಅದಕ್ಕೆ ಸೋತುಹೋದೆ. ಶೋಭಾ ಮನೆಗೆ ಹೋದ ಮೇಲೂ ಒಬ್ಬಳೇ ಉಳಿದು, ಸೂರ್ಯ ಪೂರ್ತಿ ಇಳಿದು ಗೋಡೆ ಬೂದಿಬಣ್ಣಕ್ಕೆ ತಿರುಗುವ ತನಕ ಅದರ ಜತೆ ಕುಣಿಯುತ್ತಿದ್ದೆ. ಮನೆಗೆ ಬರಲು ಮನಸ್ಸೇ ಆಗುತ್ತಿರಲಿಲ್ಲ.

ಅಜ್ಜಿ, ಅಪ್ಪನ ತಾಯಿ, ಕಲ್ಲುಚಪ್ಪಡಿಯ ಮೇಲೆ ಅವರೆಕಾಯಿ ಬಿಡಿಸುತ್ತಾ ಕೂತಿರುತ್ತಿದ್ದಳು. ನಮ್ಮ ಕುಣಿತಕ್ಕೆ ಮೊದಮೊದಲು "ಮೈಮ್ಯಾಲೆ ಇರುವೆ ಬಿಟ್ಕಂಡಂಗೆ ಆಡ್ತಾವಲ್ಲ" ಎಂದು ನಗುತ್ತಿದ್ದಳು. ಒಂದು ಸಂಜೆ ನಗಲಿಲ್ಲ. ಕಾಯಿ ಬಿಡಿಸುವುದನ್ನು ನಿಲ್ಲಿಸಿ ಗೋಡೆಯನ್ನೇ ನೋಡುತ್ತಿದ್ದಳು.

"ಅದ್ಕೆ ಕಲಿಸ್ಬ್ಯಾಡ ಕಣವ್ವ" ಅಂದಳು.

"ಯಾವುದ್ಕಜ್ಜಿ?"

"ಗೋಡೆ ಮ್ಯಾಲಿರದಕ್ಕೆ. ಎಲ್ಲಾನೂ ಕಲ್ತುಬುಟ್ರೆ ಆಮ್ಯಾಕೆ ಅದ್ಕೆ ನೀನ್ಯಾಕೆ ಬೇಕು?"

ಶೋಭಾಳೂ ನಾನೂ ಬಿದ್ದು ಬಿದ್ದು ನಕ್ಕೆವು. ಆದರೆ ಅದಾದ ಕೆಲವು ದಿನಕ್ಕೆ ಶೋಭಾ ಪ್ರಾಕ್ಟೀಸಿನ ಮಧ್ಯೆ ನಿಂತುಬಿಟ್ಟಳು. ಅವಳ ಮುಖ ಸಪ್ಪಗಾಗಿತ್ತು. "ಒಂದ್ ಮಾತು ಹೇಳ್ತೀನಿ, ಬೇಜಾರು ಮಾಡ್ಕಬ್ಯಾಡ ಕಣೆ. ನಾನು ಹೆಜ್ಜೆ ತಪ್ಪೋಕ್ ಮುಂಚೇನೇ ನಿನ್ ನೆರಳು ತಪ್ಪಿರ್ತದೆ. ನಾನೆಲ್ಲಿ ತಪ್ತೀನಿ ಅಂತ ಅದ್ಕೆ ಮೊದ್ಲೇ ಗೊತ್ತು." ಸೂರ್ಯ ನಮ್ಮ ಬೆನ್ನಿಗಿದ್ದ, ಗೋಡೆಯ ಮೇಲೆ ಎರಡೂ ನೆರಳುಗಳು ಸುಮ್ಮನೆ ನಿಂತಿದ್ದವು. ಇವತ್ತಿಗೆ ಸಾಕು ಅಂತ ಇಬ್ಬರೂ ಒಟ್ಟಿಗೇ ಅಂದೆವು.

ಆಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು. ಆದರೆ ನನಗೆ ಒಳಗೊಳಗೇ ಖುಷಿ. ಬೇರೆ ಕೆಲವು ಸಂಗತಿಗಳೂ ಆಗತೊಡಗಿದ್ದವು. ಹಾಜರಿ ಕೂಗುವಾಗ ನಾನು ಎಸ್ ಸಾರ್ ಎಂದರೆ ಲೆಕ್ಚರರು ತಲೆಯೆತ್ತಿ, ದನಿ ಎಲ್ಲಿಂದ ಬಂತು ಎಂದು ಹುಡುಕುತ್ತಿದ್ದರು. ಬಸ್ಸಿನಲ್ಲಿ ಕಂಡಕ್ಟರು ಮುಂದಿನವರ ಪಾಸು ಕೇಳಿ, ಹಿಂದಿನವರ ಪಾಸು ಕೇಳಿ, ನನ್ನನ್ನು ದಾಟಿಕೊಂಡು ಹೋಗುತ್ತಿದ್ದ. ಅಡುಗೆಮನೆಗೆ ನೀರು ಕುಡಿಯಲು ಹೋದರೆ ಅವ್ವ ಬೆಚ್ಚಿಬಿದ್ದು "ಎತ್ಲಾಗಿಂದ ಬಂದ್ಯೇ, ಕಾಲ್ ಸದ್ದೇ ಇಲ್ಲ" ಅನ್ನುತ್ತಿದ್ದಳು. ನಾನು ಬಯಸಿದ್ದೂ ಇದನ್ನೇ. ಮುಖ ಇಲ್ಲದೆ ಇರುವುದು ಇಷ್ಟು ಸುಲಭ ಅಂತ ಗೊತ್ತಿದ್ದರೆ ಮುಲಾಮಿಗೆ ಮೈಸೂರಿಗೆ ಅಲೆಯುವ ಅಗತ್ಯವೇ ಇರಲಿಲ್ಲ ಅಂದುಕೊಂಡೆ.

ಒಂದು ಶುಕ್ರವಾರ ದೀಪ ಹಚ್ಚುವ ಹೊತ್ತಿಗೆ ಅಜ್ಜಿ ನನ್ನನ್ನು ಕರೆದು ನಡುಮನೆಯಲ್ಲಿ ಕೂರಿಸಿದಳು. ಮುಷ್ಟಿಯಲ್ಲಿ ಉಪ್ಪು, ಒಣಮೆಣಸಿನಕಾಯಿ. ದೃಷ್ಟಿ ತೆಗೆಯುತ್ತಾಳೆ ಎಂದು ನಾನು ಮುಖ ಒಡ್ಡಿಕೊಂಡು ಕೂತೆ. ಅಜ್ಜಿ ದೀಪವನ್ನು ಎತ್ತಿ ನನ್ನ ಹಿಂದಿಟ್ಟಳು. ಆಮೇಲೆ ನನ್ನನ್ನು ದಾಟಿ ಹೋಗಿ, ಗೋಡೆಯ ಮೇಲೆ ಬಿದ್ದಿದ್ದ ನನ್ನ ನೆರಳಿಗೆ, ತಲೆಯಿಂದ ಕಾಲಿನವರೆಗೆ, ಮುಷ್ಟಿ ಸುತ್ತಿಸಿ ನೀವಾಳಿಸಿದಳು.

"ನಂಗೆ ತೆಗಿಯಲ್ವಾ ಅಜ್ಜಿ?"

"ನಿಂಗಲ್ಲ ಕಣವ್ವ. ಆಗಿರದು ಅದ್ಕೆ."

ಮುಷ್ಟಿಯಲ್ಲಿದ್ದುದನ್ನು ಒಲೆಗೆ ಹಾಕಿದಳು. ಒಂದು ಮೆಣಸಿನಕಾಯಿ ಸೀದರೂ ನಮ್ಮ ಮನೆಯಲ್ಲಿ ಎಲ್ಲರೂ ಕೆಮ್ಮಿ ಅಂಗಳಕ್ಕೆ ಓಡಬೇಕು. ಅವತ್ತು ಮೆಣಸಿನಕಾಯಿಗಳು ಚಟಪಟ ಸಿಡಿದು ಕಪ್ಪಾದವು, ಘಾಟು ಮಾತ್ರ ಬರಲಿಲ್ಲ. ದೃಷ್ಟಿ ತಾಗಿದ್ದರೆ ಘಾಟು ಬರುವುದಿಲ್ಲ ಎನ್ನುವುದು ನಮ್ಮ ಕಡೆಯ ನಂಬಿಕೆ. ಒಲೆಯ ಮುಂದಿದ್ದ ಅವ್ವ ಸೆರಗು ಮೂಗಿಗೆ ಹಿಡಿದವಳು ಹಾಗೇ ನಿಂತಿದ್ದಳು. "ಅತ್ತೆಮ್ಮ, ಸುಮ್ಕಿರಿ. ಮಗ ಎದ್ರುಕತದೆ" ಎಂದು ಮೆಲ್ಲಗೆ ಹೇಳಿದಳು.

ನಾನು ಹೆದರಿರಲಿಲ್ಲ. ನನಗಾದದ್ದು ಹೊಟ್ಟೆಯುರಿ. ದೃಷ್ಟಿ ತಾಗುವಷ್ಟು ಚೆಂದ ಇರುವುದು ಅದು, ನಾನಲ್ಲ ಎಂದು ಮನೆಯ ಹಿರಿಯಳೇ ತೀರ್ಮಾನ ಕೊಟ್ಟ ಹಾಗಾಯಿತು. ಅವತ್ತು ರಾತ್ರಿ ಊಟ ಬೇಡ ಅಂದೆ.

ಕಾಲೇಜ್ ಡೇ ಬಂತು. ಮೈದಾನದಲ್ಲಿ ಹಲಗೆ ಜೋಡಿಸಿದ ಸ್ಟೇಜು. ಅಪ್ಪನ ಎರಡು ಹೊಸ ಪಂಚೆಗಳನ್ನು ಅವ್ವ ಜೋಡಿಸಿ ಹೊಲಿದುಕೊಟ್ಟಿದ್ದೇ ಪರದೆ. ಅದರ ಹಿಂದೆ ಅಡ್ಡಬೊಂಬಿಗೆ ಮಾದೇಶ ದಪ್ಪ ಬಲ್ಬೊಂದನ್ನು ಹಗ್ಗದಲ್ಲಿ ಇಳಿಬಿಟ್ಟಿದ್ದ. ಅವ್ವನ ಜತೆ ಅಜ್ಜಿಯೂ ಬಸ್ಸು ಹತ್ತಿ ಬಂದಿದ್ದಳು. ಮೊಮ್ಮಗಳ ಡ್ಯಾನ್ಸ್ ನೋಡಲು ಬಂದ್ರಾ ಎಂದು ಯಾರೋ ಕೇಳಿದ್ದಕ್ಕೆ, "ಅವಳನ್ನ ಮನೇಲೇ ನೋಡ್ತೀನಲ್ಲ, ಅದ್ನ ನೋಡವ ಅಂತ ಬಂದೆ" ಅಂದಳಂತೆ. ಅದನ್ನು ಅಂದರೆ ಡ್ಯಾನ್ಸನ್ನು ಎಂದು ಅವರು ತಿಳಿದುಕೊಂಡರು.

ಶೋಭಾಳಿಗೆ ಮೇಕಪ್ ಮಾಡಿ ಮುಗಿಸಿದ ಮಾದೇಶ ನನ್ನ ಕಡೆ ನೋಡಿ, "ನಿಂಗ್ಯಾಕೆ ಬುಡು, ಪರದೆ ಇಂದೆ ಯಾರ್ ನೋಡ್ತಾರೆ" ಅಂದ. ಪಾಪ, ಅವನ ಮಾತಿನಲ್ಲಿ ಕೆಟ್ಟದ್ದಿರಲಿಲ್ಲ. ಬಲ್ಬಿನ ಕಾವಿಗೆ ಬೆವರಿ ನನ್ನ ದಿನದ ಪೌಡರೂ ಇಳಿದುಹೋಗಿತ್ತು. ಹಾಗೇ ಹೋಗಿ ಪರದೆಯ ಹಿಂದೆ ನಿಂತೆ.

ಕ್ಯಾಸೆಟ್ಟು ಶುರುವಾಯಿತು. ಮುಂದೆ ಶೋಭಾ ಮಸುಕುಮಸುಕಾಗಿ ಕಾಣುತ್ತಿದ್ದಳು. ಅವಳು ಕೈಯೆತ್ತಿದರೆ ನಾನು ಕೈಯೆತ್ತಿದೆ. ಅವಳು ಮುಖ ಮುಚ್ಚಿಕೊಂಡರೆ ನಾನೂ ಮುಚ್ಚಿಕೊಂಡೆ. ಜನ ಶಿಳ್ಳೆ ಹೊಡೆಯುತ್ತಿದ್ದರು. ಮಧ್ಯದಲ್ಲೊಂದು ಕಡೆ ಹುಡುಗಿ ಮುನಿಸಿಕೊಂಡು ಕನ್ನಡಿಗೆ ಬೆನ್ನು ತಿರುಗಿಸಿ ಕಲ್ಲಿನ ಹಾಗೆ ನಿಲ್ಲಬೇಕು, ನೆರಳೂ ನಿಲ್ಲಬೇಕು. ಆಗ ಹಾಡಿನಲ್ಲೂ ಬರೀ ಡ್ರಮ್ಮು. ಶೋಭಾ ನಿಂತಳು. ನಾನು ಪರದೆಯ ಕಡೆಗೇ ಮುಖ ಮಾಡಿ ನಿಂತೆ.

ಅದು ನಿಲ್ಲಲಿಲ್ಲ.

ನನ್ನ ಕೈಕಾಲು ಅಲ್ಲಾಡಿರಲಿಲ್ಲ, ಉಸಿರನ್ನೂ ಹಿಡಿದಿದ್ದೆ. ಪರದೆಯ ಮೇಲೆ ನನ್ನ ನೆರಳು ಮೆಲ್ಲಗೆ ಎಡಕ್ಕೆ ವಾಲಿತು. ಉದ್ದವಾಗಿ ಬಲಕ್ಕೆ ಬಂತು. ಕುಗ್ಗಿತು, ಮತ್ತೆ ಬೆಳೆಯಿತು. ಆಚೆಯಿಂದ ಚಪ್ಪಾಳೆ ಎದ್ದಿತು. ಮಾದೇಶ ಹೇಳಿಕೊಟ್ಟ ಯಾವ ಹೆಜ್ಜೆಯೂ ಅದಲ್ಲ. ನನಗಿಂತ ಚೆನ್ನಾಗಿ, ನಾನಿಲ್ಲದೆ ಕುಣಿಯುತ್ತಿತ್ತು. ಇಷ್ಟು ದಿನ ನಾನು ಬೇಡಿಕೊಂಡದ್ದೂ ಇದನ್ನೇ ಅಲ್ಲವೇ, ಅದು ಇರಲಿ, ನಾನು ಬೇಡ ಅಂತ. ಈಗ ಅದು ಸಿಕ್ಕೇಬಿಡುತ್ತಿತ್ತು. ಪರದೆಯ ಮೇಲೆ ಅದರ ತಲೆ ನನ್ನ ತಲೆಯ ಮಟ್ಟಕ್ಕೆ ಇಳಿದು ಬಂದು, ಒಂದು ಗಳಿಗೆ, ನೋಡಿತು. ಕಣ್ಣಿಲ್ಲ, ಮೂಗಿಲ್ಲ, ಬಾಯಿಲ್ಲ. ಮಚ್ಚೆಯೂ ಇಲ್ಲ.

ಆಗ ನನಗೆ ನನ್ನ ಮುಖ ಬೇಕಾಯಿತು. ಎರಡೂ ಕೈಯಿಂದ ಕೆನ್ನೆ ತಡವಿಕೊಂಡೆ. ತುಟಿ ಇತ್ತು, ಗದ್ದ ಇತ್ತು. ಇದು ನಂದು, ಕೊಡಲ್ಲ ಅಂತ ಅಂದೆನೋ ಅಂದುಕೊಂಡೆನೋ. ಪರದೆಯ ಅಂಚನ್ನು ಎತ್ತಿ ಹೊರಕ್ಕೆ ಓಡಿದೆ.

ಧೈರ್ಯದಿಂದ ಹೊರಗೆ ಬಂದೆ ಎಂದು ಆಮೇಲೆ ಎಷ್ಟೋ ಜನ ಹೊಗಳಿದರು. ಸುಳ್ಳು. ಪ್ರಾಣಭಯದಿಂದ ಬಂದೆ. ಅವತ್ತು ನನಗೆ ನೋಡುವ ಜನರಿಗಿಂತ ಅದರ ಭಯವೇ ಹೆಚ್ಚಾಗಿತ್ತು.

ಹೊರಗೆ ಫೋಕಸ್ ಲೈಟು ನೆಟ್ಟಗೆ ಮುಖಕ್ಕೇ ಹೊಡೆಯಿತು. ಕಾಲೇಜಿಗೆ ಕಾಲೇಜೇ ಸುಮ್ಮನಾಯಿತು. ಪೌಡರಿಲ್ಲ, ದುಪಟ್ಟಾ ಇಲ್ಲ. ಹಿಂದಿನ ಸಾಲಿನಿಂದ ಯಾವನೋ "ಇದ್ಯಾರ್ಲಾ?" ಎಂದು ಕೇಳಿದ್ದು ಸ್ಟೇಜಿನವರೆಗೂ ಕೇಳಿಸಿತು. ಹೆಂಗಸರ ಕಡೆಯಿಂದ ಉತ್ತರ ಬಂತು. "ಗಿರಿಜ ಕಣಪ್ಪ. ನನ್ ಮಗ್ಳು." ನಮ್ಮವ್ವನ ದನಿ. ನಾಲ್ಕು ಜನರ ಮುಂದೆ ಎಂದೂ ಬಾಯಿಬಿಡದ ನಮ್ಮವ್ವ ಎದ್ದು ನಿಂತು ಹೇಳಿದ್ದಳು.

ಹಾಡು ಇನ್ನೂ ಓಡುತ್ತಿತ್ತು. ಕಾಲು ತಾನಾಗಿ ಹೆಜ್ಜೆ ಹಾಕಿತು. ಏನು ಮಾಡಿದೆನೋ ನನಗೆ ನೆನಪಿಲ್ಲ, ಕೈಯಲ್ಲಿ ಅಲೆ ಹರಿಸಿದ್ದಿರಬೇಕು. ನೆನಪಿರುವುದು ಶೋಭಾ. ಅವಳು ನನ್ನೆದುರು ಬಂದು ನಿಂತು, ನನ್ನ ಮುಖವನ್ನೇ ನೋಡುತ್ತಾ, ನಾನು ಮಾಡಿದ್ದನ್ನೆಲ್ಲ ಮಾಡತೊಡಗಿದಳು. ನಾನು ಕೈಯೆತ್ತಿದರೆ ಎತ್ತಿದಳು. ನಾನು ತಪ್ಪಿದರೆ ಅವಳೂ ಹಾಗೇ ತಪ್ಪಿದಳು. ಕೊನೆಗೆ ನಾನು ಕೈ ಚಾಚಿದಾಗ ಅವಳ ಬೆವೆತ ಅಂಗೈ ನನ್ನ ಅಂಗೈಗೆ ಸಿಕ್ಕಿತು. ಲೈಟ್ ಆಫ್. ಕತ್ತಲಲ್ಲಿ ಚಪ್ಪಾಳೆಯೋ ಚಪ್ಪಾಳೆ.

ಹಾಗೆ ಹೊರಗೆ ಬರುವುದು ತನ್ನದೇ ಐಡಿಯಾ ಎಂದು ಮಾದೇಶ ಇವತ್ತಿಗೂ ಹೇಳಿಕೊಂಡು ತಿರುಗುತ್ತಾನೆ. ಹೇಳಿಕೊಳ್ಳಲಿ. ನೆರಳು ಆಡಿದ್ದಕ್ಕೂ ಅವನ ಹತ್ತಿರ ಸಮಾಧಾನವಿತ್ತು. ಹಗ್ಗ ಬಿಗಿಯಾಗಿರಲಿಲ್ಲ, ಗಾಳಿಗೆ ಬಲ್ಬು ತೂಗಾಡಿರುತ್ತದೆ, ಬಲ್ಬು ತೂಗಿದರೆ ನಿಂತವರ ನೆರಳೂ ತೂಗುತ್ತದೆ. ಇದು ಸರಿ. ನಾನು ಕ್ಲಾಸಿನಲ್ಲಿ ಮೇಣದಬತ್ತಿ ಹಿಡಿದು ಮಕ್ಕಳಿಗೆ ಮಾಡಿ ತೋರಿಸಿದ್ದೇನೆ.

ಉಳಿದದ್ದಕ್ಕೆ ಮಾತ್ರ ನನಗೆ ಪಾಠ ಬರುವುದಿಲ್ಲ. ಅವತ್ತು ಬೆಟ್ಟದಪುರದ ಕೊನೇ ಬಸ್ಸಿನಲ್ಲಿ ಅಜ್ಜಿಯ ಪಕ್ಕ ಕೂತಿದ್ದೆ. ಅವಳು ನನ್ನ ಕಡೆ ತಿರುಗಿ ಕೇಳಿದಳು.

"ನೀನು ಈಚೀಗ್ ಬಂದ್ಮ್ಯಾಲೆ ಅದೇನ್ ಮಾಡ್ತು, ನೋಡ್ದಾ?"

"ಅದೆಲ್ಲಿರ್ತದಜ್ಜಿ. ನಾನು ಈಚೆ ಬಂದ್ಮೇಲೆ ಪರದೆ ಮೇಲೆ ಯಾರಿರ್ತಾರೆ? ಖಾಲಿ."

"ಖಾಲಿ ಇರ್ನಿಲ್ಲ ಕಣವ್ವ."

ಮಾದೇಶಣ್ಣ ಬಲ್ಬು ಹಿಡಿಯಲು ಹೋಗಿರಬೇಕು, ಅವನ ನೆರಳು ಇರಬೇಕು ಎಂದೆ. ಅವನು ಆ ಹೊತ್ತಿನಲ್ಲಿ ಕೆಳಗೆ ಜನರೇಟರಿನ ಹತ್ತಿರ ಇದ್ದನೆಂದು ನನಗೂ ಗೊತ್ತಿತ್ತು. ಅಜ್ಜಿ ನನ್ನ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

"ಕೂತ್ಕತು. ಮಂಡಿ ಮ್ಯಾಲೆ ತಲೆ ಮಡಿಕಂಡು, ಸುಮ್ಕೆ ಕೂತ್ಕತು."

"ಯಾಕಜ್ಜಿ?"

ಅಜ್ಜಿ ತನ್ನ ಒರಟು ಕೈಯಿಂದ ನನ್ನ ಮುಖವನ್ನು, ಮಚ್ಚೆಯಿದ್ದ ಕಡೆ ಇಲ್ಲದ ಕಡೆ ಎಲ್ಲವನ್ನೂ ಒಂದೇ ಸಮ ಸವರಿದಳು.

"ಸುಸ್ತಾಗಿರ್ತದೆ ಕಣವ್ವ. ಎಷ್ಟ್ ದಿಸ ಅಂತ ನಿನ್ ಬದ್ಕೂ ಅದೇ ಬದುಕ್ತದೆ?"